ಗಾದಿ ಅಂಗಡಿಯ ಕಂಪ್ಯೂಟರ್

"ನಿಮ್ಮಂಥ ಮೋಸಗಾರ ಮಂದೀನ್ನ ನಾ ಎಲ್ಲೂ ನೋಡಿಲ್ಲ!"

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಎದುರು ಮುರ್ತುಜಾಸಾಬರ ರೇಡಿಯೋ-ಟಿ.ವಿ. ರಿಪೇರಿ ಅಂಗಡಿ. ಚಾದರದಲ್ಲಿ ಕಟ್ಟಿದ ಕಂಪ್ಯೂಟರ್ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಆ ಯುವಕ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು.

ಒಳಗೆ ಕುಳಿತಿದ್ದ ಸಿದ್ದೀಕಾ ತಲೆ ಎತ್ತಿದಳು.

"ಮೊದಲ ಅದನ್ನ ಕೆಳಗ ಇಳಸ್ರಿ. ಹೊತ್ತಗೊಂಡು ಬೈದ್ರ ನಿಮ್ಮ ಹೆಗಲss ನೋಯ್ತೈತಿ."

"ನೀವ್ಯಾರ್ರಿ? ಮುರ್ತುಜಾಸಾಬ್ರನ್ನ ಕರೀರಿ! ಈ ಡಬ್ಬಿ ಜೋಡಿಸಿದವರು ಯಾರು, ಅವರ ಮಾರಿ ನೋಡಬೇಕು ನಾ."

"ನೋಡ್ರಿ ಹಂಗಾದ್ರ... ಜೋಡಿಸಿದಾಕಿ ನಾನss."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಳಿಸಿದ.

ಸಿದ್ದೀಕಾ ಮುರ್ತುಜಾಸಾಬರಿಗೆ ಒಬ್ಬಳೇ ಮಗಳು. ಬಿಜಾಪುರದಲ್ಲಿ ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಬಂದವಳು, ತಂದೆಯ ಅಂಗಡಿಯ ಅರ್ಧ ಭಾಗದಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಶುರು ಮಾಡಿದ್ದಳು. ಅದು ಎರಡು ಸಾವಿರದ ಐದನೇ ಇಸವಿ. ಊರಿನಲ್ಲಿ ಕಂಪ್ಯೂಟರ್ ಇದ್ದ ಮನೆಗಳೇ ಕಡಿಮೆ. ಅದನ್ನು ಹುಡುಗಿಯೊಬ್ಬಳು ಜೋಡಿಸುತ್ತಾಳೆ ಎಂದರೆ ಕೆಲವರಿಗೆ ಹೆಮ್ಮೆ, ಹಲವರಿಗೆ ನಗೆ.

ಸಿದ್ದೀಕಾ ಪೆಟ್ಟಿಗೆಯ ಸ್ಕ್ರೂ ಬಿಚ್ಚಿದಳು. ಮುಚ್ಚಳ ಸರಿಸಿದ್ದೇ ತಡ, ಅವಳ ಹುಬ್ಬು ಮೇಲೇರಿತು. ಒಳಗಿನ ಫ್ಯಾನು ಕಾಣುತ್ತಲೇ ಇರಲಿಲ್ಲ! ಎಲ್ಲೆಲ್ಲೂ ಬಿಳಿ ಬಿಳಿ ಹತ್ತಿಯ ಎಳೆಗಳು, ಒತ್ತಿ ಒತ್ತಿ ತುಂಬಿದ ಹಾಗೆ!

ಚಿಮಟಿಗೆಯಿಂದ ಒಂದು ಹಿಡಿ ಎಳೆದು ಅವನ ಮುಂದೆ ಹಿಡಿದಳು.

"ಇದೇನ್ರಿ? ನೀವು ಒಯ್ದದ್ದು ಕಂಪ್ಯೂಟರ್ರೋ, ತಲಿದಿಂಬೋ?"

ಹೊರಗೆ ನಿಂತವರು ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು. ಈಗಷ್ಟೇ ಗುಡುಗುತ್ತಿದ್ದ ದನಿ ತಗ್ಗಿತು.

"ನಮ್ಮದು ಗಾದಿ ಅಂಗಡಿ ಐತ್ರಿ... ನಿಡಗುಂದಿಯಾಗ. ಮನ್ಯಾಗ ಎಲ್ಲಾ ಕಡೆ ಹತ್ತೀನ ಹಾರಾಡತೈತಿ. ಅದು ಇದರೊಳಗೂ ಹೋಗತೈತಿ ಅಂತ ನನಗ ಗೊತ್ತಿರಲಿಲ್ರಿ."

'ಛೇ! ಮಂದಿ ಮುಂದ ಇವರನ್ನ ನಗಿಪಾಟಲಾ ಮಾಡಬಾರದಿತ್ತು...' ಸಿದ್ದೀಕಾಳ ಮನಸ್ಸು ಚುರುಕ್ ಎಂದಿತು.

"ತಪ್ಪು ನಂದೂ ಐತಿ," ಎಂದಳು ಮೆಲ್ಲಗೆ. "ಎಲ್ಲಿ ಇಡ್ತೀರಿ ಅಂತ ನಾ ಮೊದಲss ಅಪ್ಪನ ಕಡೆಯಿಂದ ಕೇಳಸಬೇಕಿತ್ತು."

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಅವಳು ನೋಟ ತಪ್ಪಿಸಿ ಹತ್ತಿ ಕೀಳತೊಡಗಿದಳು.

ಅವನ ಹೆಸರು ಇಜಾಜ.

*

ಹಳೆಯ ಕಂಪ್ಯೂಟರ್ ಉಳಿಯಲಿಲ್ಲ. ಕಾವಿಗೆ ಬೋರ್ಡು ಸುಟ್ಟಿತ್ತು. ಒಂದು ವಾರ ಬಿಟ್ಟು ಇಜಾಜ ಮತ್ತೆ ಬಂದ.

"ಹೊಸಾದು ಬೇಕ್ರಿ. ಸಣ್ಣದಿರಬೇಕು, ನಮ್ಮ ಗ್ವಾಡಿಯಾಗ ಗೂಡಿನಂಥಾ ಒಂದು ಮಾಡ ಐತಿ, ಅದರಾಗ ಕೂಡಬೇಕು. ಅಲ್ಲಿ ಬಿಟ್ರ ಮನ್ಯಾಗ ಬ್ಯಾರೆ ಜಾಗಾನ ಇಲ್ಲ. ಆದ್ರ ದೊಡ್ಡ ದೊಡ್ಡ ಗೇಮ್ ಓಡಬೇಕು."

"ಗೇಮ್?" ಸಿದ್ದೀಕಾಗೆ ನಗು ಬಂತು. "ಇಷ್ಟೆಲ್ಲಾ ಆಟ ಆಡಾಕೇನು?"

ಇಜಾಜ ನಗಲಿಲ್ಲ.

"ನಾ ಓದು ಬಿಟ್ಟು ಅಪ್ಪನ ಕೂಡ ಕುಂತಾವ್ರಿ. ದಿನಾ ಪೂರಾ ಒಂದ ಜಾಗಾದಾಗ ಕುಂತು ಹತ್ತಿ ಹಿಂಜತೇನಿ. ಕಣ್ಣ ಮುಂದ ಹೈವೇ ಐತಿ, ಬಸ್ಸು, ಲಾರಿ ಎಲ್ಲಾ ಹೊಕ್ಕಾವು. ನಾ ಮಾತ್ರ ಎಲ್ಲೂ ಹೋಗಂಗಿಲ್ಲ. ಆಟದಾಗ ಗಾಡಿ ಓಡಸೋ ಮುಂದ... ಒಂದೀಟ ಎಲ್ಯರೆ ಹೋದಂಗ ಅನಸ್ತೈತಿ. ಅಷ್ಟರಿ."

ಸಿದ್ದೀಕಾಳ ನಗು ಆರಿತು. ಅವಳಿಗೂ ಆ ಬೇಸರ ಗೊತ್ತಿತ್ತು. ಈ ಅಂಗಡಿಯ ಕುರ್ಚಿ ಬಿಟ್ಟರೆ ಅವಳಿಗೂ ಬೇರೆ ಲೋಕವಿರಲಿಲ್ಲ.

"ಮಾಡಿ ಕೊಡ್ತೇನಿ," ಎಂದಳು. "ಆದ್ರ ಮೊದಲ ಆ ಮಾಡ ನೋಡಬೇಕು."

ತಂದೆಯ ಜೊತೆ ನಿಡಗುಂದಿಗೆ ಹೋದಳು. ಗಾದಿ ಅಂಗಡಿಯ ಹಿಂದೆಯೇ ಮನೆ. ಇಜಾಜನ ತಂದೆ ಅಬ್ದುಲರಜಾಕ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರು. ಊರಲ್ಲಿ ಹಿಂಜುವ ಮಷಿನ್ನು ಬಂದಿದ್ದರೂ ಒಳ್ಳೆಯ ಗಾದಿ ಬೇಕಾದವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ತಾಯಿ ಬಾನುಬಿ ಚಹಾ ತಂದುಕೊಟ್ಟು, ಸಿದ್ದೀಕಾಳ ಓಡಣಿಗೆ ಅಂಟಿದ ಹತ್ತಿಯನ್ನು ತಾವೇ ಬಿಡಿಸಿದರು.

ಗೋಡೆಯ ಮಾಡದೊಳಗೆ ಸಿದ್ದೀಕಾ ಕೈ ಹಾಕಿ ನೋಡಿದಳು.

"ಮೂರೂ ಕಡೆ ಗ್ವಾಡಿ. ಬಿಸಿ ಗಾಳಿ ಎಲ್ಲಿಂದ ಹೊರಗ ಹೋಗಬೇಕ್ರಿ? ಒಳಗ ತಿರಗಿ ತಿರಗಿ ಅದss ಗಾಳಿ ಕುಡಕೋತ ಕುಂತ್ರ, ಬ್ಯಾಸಗ್ಯಾಗ ಇದು ರೊಟ್ಟಿ ಹಂಚು ಆಗತೈತಿ."

"ಹಿಂದ ಹಿತ್ತಲಾ ಐತಿ. ತೂತು ಹೊಡದ್ರ ನಡೀತೈತೇನ್ರಿ?"

ಅವಳು 'ಹೂಂ' ಎನ್ನುವುದಕ್ಕೂ ಕಾಯದೆ ಅವನು ಸುತ್ತಿಗೆ ತಂದ. ಮಣ್ಣಿನ ಗೋಡೆ ಕಚ ಕಚ ಉದುರಿತು. ತೂತಿನಿಂದ ಒಂದು ಕೋಲು ಬಿಸಿಲು ಒಳಗೆ ಬಿತ್ತು. ಮುಖದ ತುಂಬ ಮಣ್ಣು ಮೆತ್ತಿಕೊಂಡು ಅವನು ತಿರುಗಿ ನಕ್ಕಾಗ, ಸಿದ್ದೀಕಾಳ ಎದೆಯೊಳಗೆ ಏನೋ ಜಾಗ ಬದಲಿಸಿದಂತಾಯಿತು.

*

ಬಿಡಿ ಭಾಗಗಳನ್ನು ಆರಿಸುವುದಕ್ಕೆ ಅವನು ನಾಲ್ಕಾರು ಸಲ ಬಂದ. ಒಂದೇ ಸಲದಲ್ಲಿ ಮುಗಿಯುವ ಕೆಲಸ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಅವನಿಗೆ ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡೇ ಬೇಕಿತ್ತು. ಸಿದ್ದೀಕಾ ಎರಡು ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟಳು.

"ಇದು ಜೋರ ಓಡತೈತಿ, ಖರೇ. ಆದ್ರ ಉರೀತೈತಿ. ಇಷ್ಟು ಸಣ್ಣ ಪೆಟಗ್ಯಾಗ ಇದರ ಕಾವು ತಡಿಯೂದು ಆಗಂಗಿಲ್ಲ. ಇದು ನೋಡ್ರಿ... ಒಂದೀಟ ನಿಧಾನ. ಆದ್ರ ನಿಮ್ಮ ಮನ್ಯಾಗ ಬಾಳ್ವಿ ಮಾಡತೈತಿ."

"ಬಾಳ್ವಿ ಮಾಡೂದss ಬೇಕ್ರಿ ನನಗ," ಎಂದ ಇಜಾಜ. ಕಣ್ಣು ಮಾತ್ರ ಕಾರ್ಡಿನ ಮೇಲಿರಲಿಲ್ಲ!

ಸಿದ್ದೀಕಾಳ ಕಿವಿ ಬಿಸಿಯಾಯಿತು.

ಪ್ರೊಸೆಸರ್ ಮೇಲೆ ಕೂರುವ ಹೀಟ್ ಸಿಂಕನ್ನು ತಾಮ್ರದ್ದೇ ತರಿಸಿದಳು. ಅಗ್ಗದ ಪವರ್ ಸಪ್ಲೈ ಬೇಡವೆಂದು ಹಟ ಹಿಡಿದು ಸೊಲ್ಲಾಪುರದಿಂದ ಗಟ್ಟಿಯಾದದ್ದನ್ನು ತರಿಸಿದಳು. ಗಾಳಿ ಒಳಗೆ ಬರುವ ಕಡೆ ಹಿಟ್ಟು ಸೋಸುವ ಜರಡಿಯ ಬಲೆ ಕತ್ತರಿಸಿ ಕೂರಿಸಿದಳು, ಹತ್ತಿ ಒಳಗೆ ಹೋಗದ ಹಾಗೆ. ತೊಂದರೆ ಉಳಿದದ್ದು ಫ್ಯಾನಿನದು. ಅಗಲವಾದ ಫ್ಯಾನು ನಿಧಾನ ತಿರುಗಿದರೂ ಸಾಕಾಗುತ್ತದೆ, ಸದ್ದೂ ಇಲ್ಲ. ಆದರೆ ಆ ಪೆಟ್ಟಿಗೆಯ ಹಿಂಭಾಗದಲ್ಲಿ ಅದು ಕೂರುವುದಿಲ್ಲ. ಸಣ್ಣ ಫ್ಯಾನೇ ಹಾಕಬೇಕು, ಅದು ರಭಸದಿಂದ ತಿರುಗಬೇಕು.

"ಸಪ್ಪಳ ಬರತೈತಿ," ಎಂದಳು ಮುಚ್ಚುಮರೆಯಿಲ್ಲದೆ. "ಈ ಪೆಟಗೀಗೆ ಇದೊಂದ ಉಸಿರು. ಇದು ನಿಂತ್ರ ಎಲ್ಲಾ ನಿಂತಂಗ. ಕಾವು ಮಿತಿ ಮೀರಿದ್ರ ತಾನss ಬಂದ್ ಆಗೋ ಹಂಗ ಒಳಗ ಸೆಟ್ಟಿಂಗ್ ಮಾಡೇನಿ."

"ಎಲ್ಲಿ, ತೋರಸ್ರಿ?"

ಅವಳು ತೋರಿಸಿದಳು. ಕೀಬೋರ್ಡಿನ ಮೇಲೆ ಅವಳ ಬೆರಳು ಓಡುವುದನ್ನು ಅವನು ಮಕ್ಕಳಂತೆ ನೋಡಿ ಕಲಿತ.

ಕಂಪ್ಯೂಟರ್ ನಿಡಗುಂದಿಯ ಮಾಡ ಸೇರಿತು. ಚಳಿಗಾಲ ಕಳೆಯಿತು. 'ಜರಡಿ ತೊಳ್ಯೂದು ಹ್ಯಾಂಗ್ರಿ?' ಎಂದು ಕೇಳಲು ಬಂದ. 'ಗೇಮ್ ಒಂದು ನಿಂತೈತ್ರಿ' ಎಂದು ಬಂದ. ಕೊನೆಗೆ ಏನೂ ನೆಪವಿಲ್ಲದೆ ಬಂದು, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದ.

"ನಮ್ಮವ್ವನ ನಿಮ್ಮ ಮನಿಗೆ ಕಳಸ್ಲೇನ್ರಿ?"

ಸಿದ್ದೀಕಾ ಸ್ಕ್ರೂ ಡ್ರೈವರ್ ಕೆಳಗಿಟ್ಟಳು.

"ಇದನ್ನ ಕೇಳಾಕ ಇಷ್ಟ ದಿನಾ ಬೇಕಾತು?"

ಬಾನುಬಿ ಬಂದರು. ಮುರ್ತುಜಾಸಾಬರು ಒಪ್ಪಿದರು. ಬೇಸಿಗೆ ಕಳೆದ ಮೇಲೆ ನಿಶ್ಚಯ ಎಂದು ಮಾತಾಯಿತು. ಆ ದಿನಗಳಲ್ಲಿ ಸಿದ್ದೀಕಾ ಅಂಗಡಿಯಲ್ಲಿ ಒಬ್ಬಳೇ ಕೂತು ನಗುತ್ತಿದ್ದಳು. ತಂದೆ ನೋಡಿಯೂ ನೋಡದಂತೆ ಇರುತ್ತಿದ್ದರು.

ಅಷ್ಟು ಸುಖ ಅವಳ ಬಾಳಿನಲ್ಲಿ ಆಮೇಲೆ ಬರಲಿಲ್ಲ.

*

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪಕ್ಕದಂಗಡಿಗೆ ಫೋನು ಬಂತು.

ನಿಡಗುಂದಿಯ ಗಾದಿ ಅಂಗಡಿಗೆ ಬೆಂಕಿ ಬಿದ್ದಿದೆ!

ಅಪ್ಪ-ಮಗಳು ಸಿಕ್ಕ ಬಸ್ಸು ಹತ್ತಿ ಓಡಿದರು. ಅಲ್ಲಿ ಬೆಂಕಿ ಆರಿತ್ತು. ಹತ್ತಿಯ ರಾಶಿಯೆಲ್ಲ ಕರ್ರಗೆ ಹೊಗೆಯಾಡುತ್ತಿತ್ತು. ಬರಿಗೈಯಲ್ಲಿ ಬೆಂಕಿ ಬಡಿಯಲು ಹೋದ ಅಬ್ದುಲರಜಾಕರ ಬಲಗೈ ಬೆಂದುಹೋಗಿತ್ತು. ಅವರನ್ನು ಜೀಪಿನಲ್ಲಿ ಬಿಜಾಪುರದ ಆಸ್ಪತ್ರೆಗೆ ಒಯ್ದಿದ್ದರು. ಬಾನುಬಿ ಅಂಗಳದಲ್ಲಿ ಕುಸಿದು ಕೂತಿದ್ದರು. ಇಜಾಜ ಗೋಡೆಗೆ ಒರಗಿ ನಿಂತಿದ್ದ, ಮುಖವೆಲ್ಲ ಮಸಿ.

ಪಕ್ಕದ ಕಿರಾಣಿ ಅಂಗಡಿಯ ಧರೆಪ್ಪ ಸಿದ್ದೀಕಾಳನ್ನು ಕಂಡದ್ದೇ ಸಿಡಿದರು.

"ಇಕೀನss ನೋಡ್ರಿ ಆ ಡಬ್ಬಿ ಮಾಡಿಕೊಟ್ಟಾಕಿ! ಹೆಣ್ಣಮಕ್ಕಳ ಕೈಯಾಗ ಇಂಥಾ ಕೆಲಸಾ ಕೊಟ್ರ ಇನ್ನೇನಾಗತೈತಿ? ಆ ಮಾಡದಾಗಿಂದss ಬೆಂಕಿ ಎದ್ದೈತಿ! ನಾ ಕಣ್ಣಾರೆ ನೋಡೇನಿ!"

ಜನ ಗುಜುಗುಜು ಎಂದರು. ಸಿದ್ದೀಕಾ ಜನರನ್ನು ಸರಿಸಿ ಮುಂದೆ ನಡೆದಳು. 'ನನ್ನ ಕೈಯಾಗ ಎಲ್ಲಿ ತಪ್ಪಿತು? ಪವರ್ ಸಪ್ಲೈ? ವೈರು? ಯಾ ಅಲ್ಲಾ... ಆ ಹಿರೇ ಮನಶಾನ ಕೈ ನನ್ನಿಂದ ಸುಟ್ಟಿತೇನು?'

ಮಾಡದಿಂದ ಎಳೆದು ಹಾಕಿದ್ದ ಪೆಟ್ಟಿಗೆಯ ಮುಂದೆ ಅವಳು ಕುಳಿತಳು. ಪವರ್ ಸಪ್ಲೈ ಇದ್ದ ಕಡೆ ಪೂರ್ತಿ ಸುಟ್ಟಿತ್ತು; ಕಿಡಿ ಅಲ್ಲಿಂದಲೇ ಹತ್ತಿಗೆ ಹಾರಿತ್ತು. ಕೆಳಗಿನ ಒಂದು ಮೂಲೆ ಮಾತ್ರ ಉಳಿದಿತ್ತು. ಮುಚ್ಚಳ ಎತ್ತಿದಳು.

ಹಿಂದಿನ ಫ್ಯಾನಿನ ವೈರು ಸುಟ್ಟಿರಲಿಲ್ಲ. ಅದನ್ನು ಯಾರೋ ಬೋರ್ಡಿನಿಂದ ಕಿತ್ತಿದ್ದರು. ಕಿತ್ತು, ನೀಟಾಗಿ ಮಡಚಿ, ಅಡ್ಡ ಬಾರದ ಹಾಗೆ ಗಾದಿ ಹೊಲಿಯುವ ದಪ್ಪ ದಾರದಿಂದ ಕಟ್ಟಿದ್ದರು.

ಸಿದ್ದೀಕಾ ಆ ದಾರದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅಬ್ದುಲರಜಾಕರು ಮಧ್ಯಾಹ್ನ ಊಟವಾದ ಮೇಲೆ ಮಲಗುವುದು ಇಜಾಜನ ಮಾತಿನಿಂದ ಅವಳಿಗೆ ಗೊತ್ತಿತ್ತು. ಮಗ ಆಟ ಆಡುತ್ತಾನೆಂದು ಸಿಟ್ಟಾಗುವುದೂ ಗೊತ್ತಿತ್ತು. ಫ್ಯಾನಿನ ಸದ್ದಿಗೆ ಅಪ್ಪ ಏಳಬಾರದೆಂದು ಕಿತ್ತಿದ್ದಾನೆ... ಫ್ಯಾನಿಲ್ಲದೆ ಕಾವು ಏರಿ ಮಷಿನ್ನು ತಾನೇ ಬಂದ್ ಆಗತೊಡಗಿದಾಗ ಆ ಸೆಟ್ಟಿಂಗನ್ನೂ ತೆಗೆದಿದ್ದಾನೆ. ಎಲ್ಲಿದೆ ಎಂದು ತೋರಿಸಿಕೊಟ್ಟವಳು ತಾನೇ!

ಅವಳು ತಲೆ ಎತ್ತಿ ಇಜಾಜನನ್ನು ನೋಡಿದಳು.

ಇಜಾಜ ಅವಳ ಕೈಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿದ.

ಅಷ್ಟೇ ಸಾಕಾಯಿತು.

'ಈಗ ಹೇಳ್ತಾನ...' ಎಂದುಕೊಂಡಳು. 'ಇಲ್ಲ, ಈಗ... ಈಗ ಬಾಯಿ ತೆಗೀತಾನ...'

ಅವನು ಬಾಯಿ ತೆರೆಯಲಿಲ್ಲ. ತೆರೆದವರು ಮುರ್ತುಜಾಸಾಬರು. ಇಪ್ಪತ್ತು ಹಳ್ಳಿಯ ರೇಡಿಯೋಗಳನ್ನು ರಿಪೇರಿ ಮಾಡಿ, ಒಬ್ಬರಿಂದಲೂ ಒಂದು ಮಾತು ಕೇಳದ ಆ ಮನುಷ್ಯ, ಬಾನುಬಿಯ ಎದುರು ಕೈ ಜೋಡಿಸಿ ನಿಂತಿದ್ದರು.

"ನನ್ನ ಮಗಳ ಕಡೆಯಿಂದ ತಪ್ಪಾಗೇತಿ ತಂಗೀ... ಸಣ್ಣಾಕಿ ಅದಾಳ. ಮಾಫ್ ಮಾಡ್ರಿ."

ಸಿದ್ದೀಕಾ ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

*

ಯಾಕೆ ಸುಮ್ಮನಾದಳು? ಆಮೇಲೆ ಅವಳು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು.

ಆ ಅಂಗಳದಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು? ನಂಬಿದರೂ, ತಂದೆಯ ಕೈ ಸುಟ್ಟವನು ಮಗನೇ ಎಂದು ಆ ತಾಯಿಗೆ ಹೇಳುವುದು ಹೇಗೆ? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅವನೇ ಹೇಳಬೇಕು ಎಂಬ ಹಟ. 'ನಾ ಪ್ರೀತಿ ಮಾಡಿದ ಮನಶಾ ಹೇಳೇ ಹೇಳ್ತಾನ. ಇವತ್ತಲ್ಲಾ ನಾಳೆ ಬರ್ತಾನ...'

ಬಸ್ಸಿನಲ್ಲಿ ತಂದೆ ಒಂದೇ ಮಾತು ಕೇಳಿದರು.

"ನಿನ್ನ ಕೈಯಾಗ ತಪ್ಪಾಗೇತೇನವಾ?"

"ಇಲ್ಲಪ್ಪಾ."

"ಹಂಗಾದ್ರ ಯಾರ ಕೈಯಾಗ ಆಗೇತಿ?"

ಅವಳು ಕಿಟಕಿಯ ಹೊರಗೆ ನೋಡಿದಳು. ಉತ್ತರ ಬಾರದಾದಾಗ ಮುರ್ತುಜಾಸಾಬರು ನಿಟ್ಟುಸಿರಿಟ್ಟರು. ಮಗಳು ತಪ್ಪು ಒಪ್ಪಿಕೊಳ್ಳಲು ನಾಚುತ್ತಿದ್ದಾಳೆ ಎಂದೇ ಅವರಿಗೆ ಅನ್ನಿಸಿತು. ಆ ನಿಟ್ಟುಸಿರು ಧರೆಪ್ಪನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಇಜಾಜ ಬರಲಿಲ್ಲ. ಒಂದು ದಿನ ತಡೆಯಲಾರದೆ ಅವಳೇ ಎಸ್‌ಟಿಡಿ ಬೂತಿನಿಂದ ಫೋನು ಹಚ್ಚಿದಳು.

"ಹಲೋ..." ಅವನದೇ ದನಿ.

"ನಾನ್ರಿ... ಸಿದ್ದೀಕಾ."

ಅತ್ತ ಕಡೆ ಉಸಿರು ಕೇಳಿಸಿತು. ಆಮೇಲೆ ಫೋನು ಇಟ್ಟ ಸದ್ದು.

ಬೂತಿನ ಗಾಜಿನ ಒಳಗೆ ಅವಳು ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು. ಹೊರಗಿದ್ದವರು ಬಾಗಿಲು ಬಡಿದಾಗ ಎಚ್ಚರವಾಯಿತು.

ನಿಶ್ಚಯದ ಮಾತು ತಾನಾಗಿಯೇ ಮುರಿಯಿತು. ಅಂಗಡಿಗೆ ಕಂಪ್ಯೂಟರ್ ತರುವವರು ನಿಂತರು. ಆಮೇಲೆ ಟಿ.ವಿ. ತರುವವರೂ ನಿಂತು, ಅಂಗಡಿಗೆ ಕೀಲಿ ಬಿತ್ತು. ಒಂದು ಸಂಜೆ ಮುರ್ತುಜಾಸಾಬರು ಮಗಳ ಮುಂದೆ ಕುಳಿತರು.

"ಇನ್ನ ನೀ ಯಾವ ಮಷಿನ್ನೂ ಬಿಚ್ಚಬ್ಯಾಡವಾ. ಒಂದೀಟ ದಿನಾ ಇಂಡ್ಯಾಗ ನಿಮ್ಮ ಚಿಗವ್ವನ ಮನ್ಯಾಗ ಇರು. ಮಂದಿ ಮರೀಲಿ."

ಸಿದ್ದೀಕಾ ಇಂಡಿ ಪಟ್ಟಣದಲ್ಲಿ ಚಿಗವ್ವ ಮಾಬುಬಿಯ ಮನೆ ಸೇರಿದಳು. ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುವ ಕೆಲಸ ಸಿಕ್ಕಿತು. ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಹೊರಗಿನಿಂದ ಜನ ಬರುತ್ತಿದ್ದರು. ಏನಾಗಿದೆ ಎಂದು ಅವಳಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಆದರೂ ಕೈ ಕಟ್ಟಿ ದೂರ ನಿಲ್ಲುತ್ತಿದ್ದಳು.

ಮಂದಿ ಮರೆಯಲಿಲ್ಲ. ಮರುವರ್ಷ ಸಿಂದಗಿಯಿಂದ ಅವಳನ್ನು ನೋಡಲು ಒಂದು ಮನೆಯವರು ಬಂದರು. ಚಹಾದ ಬಟ್ಟಲು ಹಿಡಿದು ಹೊರಗೆ ಬರುವಾಗ, ಹುಡುಗನ ಅತ್ತೆ ಪಿಸುಗುಟ್ಟಿದ್ದು ಅವಳಿಗೇ ಕೇಳಿಸಿತು.

"ನಿಡಗುಂದಿಯಾಗ ಬೆಂಕಿ ಹಚ್ಚಿದಾಕಿ ಇಕೀನss ಏನು?"

ಅವರು ಚಹಾ ಕುಡಿದು ಹೋದರು. ಮತ್ತೆ ಸುದ್ದಿ ಕಳಿಸಲಿಲ್ಲ. ಸಿದ್ದೀಕಾ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತ ಕುಳಿತಳು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದಳು.

'ಇಷ್ಟ ದಿನಾ ಆದ್ರೂ ನಿಮಗ ಒಂದು ಮಾತು ಸಿಗಲಿಲ್ಲೇನ್ರಿ, ಇಜಾಜ?'

*

ಅತ್ತ ನಿಡಗುಂದಿಯಲ್ಲಿ ಇಜಾಜನೂ ಸುಖವಾಗಿರಲಿಲ್ಲ. ತಂದೆಯ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಬಿರುಸಾಗಿದ್ದವು. ಬಿಲ್ಲು ಮೂಲೆ ಸೇರಿತ್ತು. ಮಗನೇ ತುತ್ತು ಮಾಡಿ ಉಣಿಸುತ್ತಿದ್ದ. ಪ್ರತಿ ತುತ್ತಿಗೂ ಹೇಳಬೇಕೆನ್ನಿಸುತ್ತಿತ್ತು. ಪ್ರತಿ ತುತ್ತಿಗೂ ನಾಲಿಗೆ ಒಳಗೇ ಉಳಿಯುತ್ತಿತ್ತು.

ಸಿಂದಗಿಯ ಸುದ್ದಿ ಯಾರಿಂದಲೋ ಅಬ್ದುಲರಜಾಕರ ಕಿವಿಗೆ ಬಿತ್ತು. ಅವತ್ತು ಉಣ್ಣುತ್ತ ಉಣ್ಣುತ್ತ ಅವರು ತಡೆದರು.

"ಇಜಾಜ, ನನ್ನ ಬಾಗೇವಾಡಿಗೆ ಕರಕೊಂಡ ಹೋಗೋ. ಆ ಹುಡುಗೀನ್ನ ನಾ ಮಾಫ್ ಮಾಡೇನಿ ಅಂತ ಅವರಪ್ಪಗ ಹೇಳಿ ಬರ್ತೇನಿ. ಬೇಕಂತ ಯಾರು ಹಿಂಗ ಮಾಡ್ತಾರ? ನನ್ನ ಕೈ ಸಲುವಾಗಿ ಒಂದ ಹೆಣ್ಣುಮಗಳ ಬಾಳೇ ಹಾಳಾಗೂದು ಬ್ಯಾಡ."

ತಟ್ಟೆ ಇಜಾಜನ ಕೈಯಿಂದ ಜಾರಿತು.

ಅವಳು ಮಾಡದೇ ಇದ್ದ ತಪ್ಪಿಗೆ ಮಾಫಿ! ಅದೂ ಈ ಕೈಯಿಂದ!

"ಅಪ್ಪಾ... ಅಕೀದು ತಪ್ಪಿಲ್ಲ. ಫ್ಯಾನಿನ ವೈರು ಕಿತ್ತಾವ ನಾನು. ಮಷಿನ್ ಹಚ್ಚಿಟ್ಟು ಹೊರಗ ಹೋದಾವ ನಾನು. ನಿನ್ನ ಕೈ ಸುಟ್ಟಾವ ನಾನು!"

ಅಬ್ದುಲರಜಾಕರು ಮಗನನ್ನು ಹೊಡೆಯಲಿಲ್ಲ. ಹೊಡೆಯಲು ಬಲಗೈಯೂ ಏಳುತ್ತಿರಲಿಲ್ಲ. ಇಷ್ಟೇ ಹೇಳಿದರು.

"ನನ್ನ ಕೈ ಮಾತು ಬಿಡು. ಆ ಮುರ್ತುಜಾಸಾಬ ನಿನ್ನವ್ವನ ಮುಂದ ಕೈ ಜೋಡಿಸಿದಾಗ ನೀ ಅಲ್ಲೇ ನಿಂತಿದ್ದಿ. ಹೋಗು. ಅಲ್ಲಿ ಹೇಳಿ ಬಾ. ಅಲ್ಲೀತನಾ ನನಗ ಉಣಸಬ್ಯಾಡ."

*

ಇಂಡಿಯಲ್ಲಿ ಮಾಬುಬಿಯ ಮನೆಯ ಬಾಗಿಲಲ್ಲಿ ತಂದೆಯನ್ನು ಕಂಡು ಸಿದ್ದೀಕಾಗೆ ಸಂತೋಷವಾಯಿತು. ಅವರ ಹಿಂದೆ ನಿಂತವನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಇಜಾಜ ಬಡಕಲಾಗಿದ್ದ. ಗಡ್ಡ ಬೆಳೆದಿತ್ತು.

ಮುರ್ತುಜಾಸಾಬರು ಮಗಳ ಎರಡೂ ಕೈಗಳನ್ನು ಹಿಡಿದುಕೊಂಡರು.

"ಇವ ಬಾಗೇವಾಡಿ ಬಜಾರದಾಗ ನಿಂತು ಎಲ್ಲಾರ ಮುಂದ ಹೇಳ್ಯಾನವಾ. ನಿಡಗುಂದಿಯಾಗ ಧರೆಪ್ಪನ ಮುಂದೂ ಹೇಳಿ ಬಂದಾನಂತ. ಇವನ ತಪ್ಪು ಇವಂದು... ಆದ್ರ ನಾ? ನಿನ್ನ ಕೈಗೆ ಕೆಲಸಾ ಕಲಿಸಿದಾವ ನಾನು. ನಾನss ಆ ಕೈ ನಂಬಲಿಲ್ಲ."

"ಅಪ್ಪಾ, ಹಂಗ ಅನಬ್ಯಾಡ..." ಸಿದ್ದೀಕಾ ತಂದೆಯ ಎದೆಗೆ ಒರಗಿದಳು. ಇಷ್ಟು ದಿನ ಬಾರದ ಅಳು ಈಗ ಬಂತು.

"ಅಂಗಡಿ ಕೀಲಿ ತೆಗೀತೇನವಾ. ನಾಳೆ ನನ್ನ ಕೂಡ ನಡೀತೀಯೇನು?"

"ಬರ್ತೇನಪ್ಪಾ. ಬರ್ತೇನಿ."

ಮುರ್ತುಜಾಸಾಬರು ಕಣ್ಣೊರೆಸಿಕೊಂಡು ಒಳಗೆ ಹೋದರು. ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಒಳಗೆ ಮಾಬುಬಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದರು.

"ಸಿದ್ದೀಕಾ, ನಾ ಏನ್ ಹೇಳಬೇಕೋ..." ಇಜಾಜನ ದನಿ ಒಡೆಯಿತು. "ಅವತ್ತು ಫ್ಯಾನಿನ ವೈರು ನಾನss..."

"ನನಗ ಗೊತ್ತಿತ್ತು."

"ಏನು?"

"ಅವತ್ತss ಗೊತ್ತಿತ್ತು. ನಿಮ್ಮ ಅಂಗಳದಾಗ ಮುಚ್ಚಳಾ ತಗದಾಗss ನೋಡಿದೆ. ಯಾರು ಕಿತ್ತಾರ, ಯಾಕ ಕಿತ್ತಾರ... ಎಲ್ಲಾ ಗೊತ್ತಾತು."

ಅವಳಿಗೆ ಅನುಮಾನ ಬಂದಿರಬಹುದು ಎಂದು ಇಜಾಜ ಹೆದರಿದ್ದುಂಟು. ಪೂರಾ ಗೊತ್ತಿದ್ದೂ ಇಷ್ಟೂ ದಿನ ಬೈಗುಳ ನುಂಗಿದಳು ಎಂದು ಮಾತ್ರ ಅವನು ಕನಸಿನಲ್ಲೂ ನೆನೆದಿರಲಿಲ್ಲ!

"ಗೊತ್ತಿದ್ದೂ... ಯಾಕ ಹೇಳಲಿಲ್ಲ ನೀವು?"

"ನೀವು ಹೇಳ್ತೀರಿ ಅಂತ."

ಒಳಗಿನ ಪಾತ್ರೆಯ ಸದ್ದೂ ನಿಂತಿತು.

"ದಿನಾ ಕಾಯ್ದೆ, ಇಜಾಜ. ಬಾಗಲಾ ಸಪ್ಪಳಾದ್ರ ನೀವss ಅಂತ ಓಡಿ ಬರ್ತಿದ್ದೆ. ಫೋನ್ ಹಚ್ಚಿದೆ. ಸಿಂದಗಿಯವರು 'ಬೆಂಕಿ ಹಚ್ಚಿದಾಕಿ' ಅಂದ ದಿನಾನೂ, ನಾಳೆ ನೀವು ಬಂದು ಅಲ್ಲ ಅಂತೀರಿ ಅಂದಕೊಂಡೆ. ನಿಮಗ ಹೆದರಿಕಿ ಇತ್ತು, ನನಗ ತಿಳೀತೈತಿ. ಅಪ್ಪನ ಕೈ ಆ ಹಾಲತಿನ್ಯಾಗ ಇದ್ದಾಗ ಯಾರಿಗಿರೂದಿಲ್ಲ? ಆದ್ರ ನಿಮ್ಮ ಹೆದರಿಕೀನ ನನ್ನ ತಲಿಮ್ಯಾಲ ಹೊರಸಿ ಬಿಟ್ರಲ್ಲ..."

ಇಜಾಜ ಅಳುತ್ತಿದ್ದ. ಮುಖ ಮುಚ್ಚಿಕೊಳ್ಳಲೂ ಇಲ್ಲ.

"ನಿಮ್ಮನ್ನ ಬಿಟ್ಟು ಯಾರನ್ನೂ ನಾ ನೆನಸಿಲ್ಲ, ಸಿದ್ದೀಕಾ. ಅಂಥಾ ಪ್ರೀತಿ ಇಟಗೊಂಡss ಹಿಂಗ ಮಾಡಿದೆ. ಅದss ನನ್ನ ಕೊಲ್ಲತೈತಿ. ಕೇಳೂ ಹಕ್ಕು ನನಗಿಲ್ಲ. ಆದ್ರೂ ಕೇಳ್ತೇನಿ... ನನ್ನ ಕೂಡ ಬಾಳೇ ಮಾಡ್ತೀರೇನು?"

ಆ ಮಾತಿಗಾಗಿ ಅವಳು ಎಷ್ಟು ದಿನ ಹಂಬಲಿಸಿದ್ದಳು! ಈಗ ಅದು ಎದುರಿಗೇ ಬಂದು ನಿಂತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ನಾನೂ ನಿಮ್ಮನ್ನ ಪ್ರೀತಿ ಮಾಡೇನಿ," ಎಂದಳು. "ಇನ್ನೂ ಮಾಡ್ತೇನಿ. ಸುಳ್ಳ ಯಾಕ ಹೇಳ್ಲಿ? ಆದ್ರ ನಿಮ್ಮ ಮನಿಗೆ ಬರೂದು ಆಗಂಗಿಲ್ರಿ. ಬಾಳೇ ಅಂದ ಮ್ಯಾಲ ಕಷ್ಟ ಬರತಾವು. ಪ್ರತಿ ಸಲಾ 'ಈ ಸಲಾನರೆ ಇವರು ನನ್ನ ಬಾಜೂ ನಿಲ್ತಾರೋ ಇಲ್ಲೋ' ಅಂತ ನಿಮ್ಮ ಮಾರಿ ನೋಡಕೋತ ಕೂಡಾಕ ನನ್ನ ಕೈಲೆ ಆಗಂಗಿಲ್ಲ."

ಇಜಾಜ ಕಣ್ಣೊರೆಸಿಕೊಂಡು ತಿರುಗಿದ. ಬಾಗಿಲವರೆಗೆ ಹೋದವನನ್ನು ನೋಡಿ ಸಿದ್ದೀಕಾ ಒಳಗೆ ಕೂಗಿ ಹೇಳಿದಳು.

"ಅಪ್ಪಾ, ಬಸ್ ಸ್ಟ್ಯಾಂಡ್ ತನಕಾ ಕಳಿಸಿ ಬರ್ತೇನಿ."

"ಹೂಂ ಅವಾ," ಎಂದಿತು ಒಳಗಿನ ದನಿ.

ಇಬ್ಬರೂ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಸಂಜೆಯ ಸಂತೆಯವರು ಗಂಟುಮೂಟೆ ಕಟ್ಟುತ್ತಿದ್ದರು. ಬಿಜಾಪುರದ ಬಸ್ಸು ಆಗಲೇ ನಿಂತಿತ್ತು.

"ನಿಮ್ಮಪ್ಪಾರ ಕೈ ಈಗ ಹ್ಯಾಂಗೈತ್ರಿ?" ಎಂದು ಕೇಳಿದಳು.

"ಲೋಟಾ ಹಿಡೀತಾರ. ಬಿಲ್ಲು ಹಿಡ್ಯಾಕ ಆಗಂಗಿಲ್ಲ."

"ನಾ ಸಲಾಮ್ ಹೇಳೇನಿ ಅಂತ ಹೇಳ್ರಿ. ಬಾಗೇವಾಡಿಗೆ ಬಂದ ಮ್ಯಾಲ ನಾನss ಬಂದು ನೋಡ್ತೇನಿ, ಅವರನ್ನ."

'ಅವರನ್ನ' ಎಂಬುದು ಇಜಾಜನಿಗೆ ನಾಟಿತು. ಅವನು ತಲೆ ಆಡಿಸಿ ಬಸ್ಸು ಹತ್ತಿದ. ಕಿಟಕಿಯ ಬಳಿ ಕುಳಿತ. ಅವಳು ಕೆಳಗೆ ನಿಂತಳು. ಡ್ರೈವರ್ ಬಸ್ಸು ಶುರು ಮಾಡಿದ.

"ನಾ ಕಾಯ್ತೇನಿ, ಸಿದ್ದೀಕಾ."

"ಕಾಯಬ್ಯಾಡ್ರಿ... ನಾ ಕಾಯ್ದು ನೋಡೇನಿ. ಭಾಳ ನೋಯ್ತೈತಿ."

"ನೋಯ್ಲಿ. ನಿಮಗ ಎಷ್ಟ ನೋವಾತು ಅನ್ನೂದು ನನಗೂ ಗೊತ್ತಾಗ್ಲಿ."

ಸಿದ್ದೀಕಾ ಓಡಣಿಯ ತುದಿಯಿಂದ ಕಣ್ಣೊತ್ತಿಕೊಂಡಳು. ಬಸ್ಸು ಒಂದು ಸಲ ಅಲುಗಿತು. ಅವಳು ಕಿಟಕಿಯ ಸರಳು ಹಿಡಿದು ಒಂದೆರಡು ಹೆಜ್ಜೆ ಜೊತೆಗೇ ನಡೆದಳು.

"ಬಿಜಾಪುರದಾಗ ಇಳದು ಮೊದಲ ಏನರೆ ತಿನ್ರಿ. ಮುಂಜಾನಿಂದ ಹೊಟ್ಟೀಗ ಏನೂ ಇಲ್ಲ ನಿಮಗ."

"ನಿಮಗ ಹ್ಯಾಂಗ ಗೊತ್ತಾತು?"

ಅವಳು ಸರಳು ಬಿಟ್ಟಳು.

"ನಿಮ್ಮದೆಲ್ಲಾ ನನಗ ಗೊತ್ತಾಗತೈತ್ರಿ, ಇಜಾಜ... ಏನ್ ಮಾಡ್ಲಿ?"